ನೀರಿನ ಹದ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಹರಾಜು ಮುಗಿದ ಮೇಲೆ, ಖಾಲಿ ತಟ್ಟೆಗಳ ನಡುವೆ
ನಮ್ಮ ನಾಟಕದ ತಾಲೀಮು.
ಯವನರ ಕಥೆ, ಎರಡೂವರೆ ಸಾವಿರ ವರ್ಷ ಹಳೆಯದು.
ನನ್ನ ಕೆಲಸ, ಪರದೆ ಪಕ್ಕ ಕೂತು
ಮರೆತವರಿಗೆ ಮಾತು ಎತ್ತಿಕೊಡುವುದು.

ರಾಣಿಯ ಪಾತ್ರಕ್ಕೆ ಬ್ಯಾಂಕಿನ ಮೇಡಂ ಒಪ್ಪಿದ್ದರು.
ಗಂಡನನ್ನು ಕೊಲ್ಲಬೇಕೆಂದು ಗೊತ್ತಾದ ದಿನ
ಗಂಟಲು ಕಟ್ಟಿದೆಯೆಂದು ಹೇಳಿಕಳಿಸಿದರು.
ಆಗ ಬಂದಳು ಅಶ್ವತ್ಥಮ್ಮ,
ಇಪ್ಪತ್ತು ವರ್ಷದಿಂದ ಕುದಿನೀರಲ್ಲಿ ಎಳೆ ಹುಡುಕಿ ಹುಡುಕಿ
ಹೆಬ್ಬೆಟ್ಟಿನ ಗೆರೆ ಅಳಿಸಿಹೋಗಿ
ರೇಷನ್ ಅಂಗಡಿಯ ಯಂತ್ರಕ್ಕೂ ಗುರುತು ಸಿಗದವಳು.

ಓದು ಬಾರದು. ನಾನು ಓದಿದೆ, ಅವಳು ಕೇಳಿದಳು:
ರಾಜ ಯುದ್ಧಕ್ಕೆ ಹೊರಟ. ಹಡಗಿಗೆ ಗಾಳಿಯಿಲ್ಲ.
ಮದುವೆಯೆಂದು ಸುಳ್ಳು ಹೇಳಿ ಮಗಳನ್ನು ಕರೆಸಿ
ಬಲಿ ಕೊಟ್ಟ. ಗಾಳಿ ಬಂತು.
“ಎಷ್ಟು ವರ್ಷದ ಹುಡುಗಿ?”
ಪುಸ್ತಕದಲ್ಲಿ ಇರಲಿಲ್ಲ.
“ಹದಿನಾಲ್ಕು ಇರ್ತದೆ ಬಿಡಿ” ಅಂದಳು ತಾನೇ.

ಅವಳ ಪದ್ಮಿಗೆ ಹದಿನಾಲ್ಕು.
ಹೊಸ ಲಂಗ ಕೊಡಿಸ್ತೀನಿ ಬಾ ಅಂತ ಅಪ್ಪ ಕರೆದೊಯ್ದು
ಹುರಿ ಮಿಲ್ಲಿನಲ್ಲಿ ಮುಂಗಡ ಎಣಿಸಿಕೊಂಡು
ಬಿಟ್ಟುಬಂದ. ಬೈಕು ಬಂತು.
“ಹಿಂದೆ ಕೂತ್ಕೋ, ಒಳ್ಳೆ ಗಾಳಿ” ಅಂದನಂತೆ ಇವಳಿಗೆ.
ಮೂರನೇ ತಿಂಗಳು ಮಿಲ್ಲಿನಿಂದ ಆಳು ಬಂದ:
ಜಡೆ ಬೆಲ್ಟಿಗೆ ಸಿಕ್ಕಿತು.
ಅಷ್ಟುದ್ದ ಜಡೆ ಬಿಟ್ಟವರು ಯಾರು
ಅಂತ ಇವಳನ್ನೇ ಕೇಳಿದರು.

ಗೆದ್ದುಬಂದ ರಾಜನ ಕಾಲಡಿಗೆ ರಾಣಿ
ಕೆಂಪು ವಸ್ತ್ರ ಹಾಸುವ ದೃಶ್ಯ.
ನಮ್ಮದು ಕಲ್ಯಾಣಮಂಟಪದ ಜಮಖಾನೆ.
“ಅಯ್ಯೋ, ಇದರ ಮೇಲೆ ಯಾರು ಬೇಕಾದ್ರೂ ನಡೀತಾರೆ,
ತುಳಿದ್ರೆ ಪಾಪ ಬರೋ ಅಂಥದ್ದು ಹಾಸಬೇಕು” ಅಂದಳು.
ಮರುದಿನ ತಂದಳು, ಮಗಳ ಮದುವೆಗೆಂದು
ಚೂರುಪಾರು ನೂಲು ಕೂಡಿಟ್ಟು ನೇಯಿಸಿದ ಸೀರೆ.
ರಾಜನಾಗಿದ್ದ ಡ್ರಾಯಿಂಗ್ ಮೇಷ್ಟ್ರು
ಚಪ್ಪಲಿ ಬಿಟ್ಟರೂ ಕಾಲಿಡಲಾರದೆ ನಿಂತರು.
“ಇಡಿ ಸಾರ್” ಅಂದಳು.
ಆ ದನಿ ನಾನು ಎತ್ತಿಕೊಟ್ಟದ್ದಲ್ಲ.

ಪ್ರದರ್ಶನದ ರಾತ್ರಿ
ಬಲೆಯಂಥ ಅಂಗಿ ಹೊದಿಸಿ, ಸ್ನಾನದ ತೊಟ್ಟಿಯಲ್ಲಿ
ಮೂರು ಏಟು. ಹೊರಬಂದಳು, ಮೊಣಕೈವರೆಗೆ ಕುಂಕುಮದ ನೀರು.
ಮುಂದಿನ ಸಾಲಿನ ಮುದುಕಿಯರು ಕೈ ಮುಗಿದರು,
ಒಬ್ಬಳು ಸೆರಗಿನ ಗಂಟು ಬಿಚ್ಚಿ ಕಾಸು ಎಸೆದಳು.
ಈಗ ರಾಣಿ ನಡುಗಬೇಕು, ಊರವರಿಗೆ ನೆಪ ಹೇಳಬೇಕು.
ಪಿಸುಗುಟ್ಟಿದೆ. ಇನ್ನೊಮ್ಮೆ ಪಿಸುಗುಟ್ಟಿದೆ.
ಅವಳು ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ,
“ಗೊತ್ತು. ಮರೆತಿಲ್ಲ” ಅಂದಳು.
ಪರದೆಯವನು ಗಾಬರಿಯಾಗಿ ಹಗ್ಗ ಬಿಟ್ಟ.

ಮೂರನೇ ಸಾಲಿನಲ್ಲಿದ್ದ ಪಿಳ್ಳಾಂಜಿನಪ್ಪ
ಚಪ್ಪಾಳೆ ತಟ್ಟಲಿಲ್ಲ. ಎದ್ದೂ ಹೋಗಲಿಲ್ಲ.

ನಮ್ಮದೂ ಅವರದೂ ಒಂದೇ ಗೋಡೆ.
ಹನ್ನೊಂದೂವರೆಗೆ ಬೈಕು ನಿಂತ ಸದ್ದು,
ಒಲೆಗೆ ಹಿಪ್ಪುನೇರಳೆ ಕಡ್ಡಿ ಮುರಿದು ಹಾಕುವ ಸದ್ದು.
ಹುಳು ಬೇಯುವ ವಾಸನೆ ಈ ಊರಲ್ಲಿ
ಯಾವ ಹೊತ್ತಿಗೂ ಇರುತ್ತದೆ, ಅದನ್ನು ಲೆಕ್ಕಕ್ಕಿಡಲಾರೆ.
ಎಷ್ಟು ಕಾದರೆ ಗೂಡು ಎಳೆ ಬಿಡುತ್ತದೆಂದು
ಬೆರಳು ಅದ್ದಿಯೇ ಹೇಳುವವಳು ಅವಳು.

“ನೀರು ಕಾದಿದೆಯಾ?” ಗಂಡಸಿನ ದನಿ, ಸಣ್ಣಗೆ.
ಕೊಡದ ಸದ್ದು.
“ಬಾ” ಅಂದಳು. “ಹದವಾಗಿದೆ.”

ಮಾತಿನ ಪುಸ್ತಕ ಇನ್ನೂ ನನ್ನ ತೊಡೆಯ ಮೇಲಿತ್ತು.
ಯಾವ ಪುಟ ಅಂತ ಹುಡುಕುತ್ತಾ ಕೂತೆ.