ಮುದ್ದೆಮಾಲು

ಬಾದಾಮಿ ಕೋರ್ಟಿನ ಈ ಕೋಣೆಗೆ ಕಿಟಕಿ ಒಂದೇ.
ಹತ್ತೊಂಬತ್ತು ವರ್ಷದಿಂದ ಕೀಲಿಕೈ ನನ್ನ ಹತ್ತಿರ.
ಹಿಡಿ ಮುರಿದ ಕೊಡಲಿ. ಸೈಕಲ್ ಚೈನು.
ಕುರಿಯ ಕಿವಿಬಿಲ್ಲೆ: ಇಬ್ಬರು ಮಾಲೀಕರು ಜಗ್ಗಾಡಿದ್ದು,
ತೀರ್ಪಿನ ಹೊತ್ತಿಗೆ ಕುರಿ ಸತ್ತಿತ್ತು, ಬಿಲ್ಲೆ ಉಳಿಯಿತು.
ಒಂದೊಂದಕ್ಕೂ ಅರಗು, ದಾರ, ಚೀಟಿ, ನನ್ನ ಸಹಿ.

ಆವತ್ತು ಫೌಜದಾರರು ತಂದದ್ದು
ಹುಣಸೆಬೀಜಕ್ಕಿಂತ ಚೂರೇ ದೊಡ್ಡದಾದ ಪೆನ್‌ಡ್ರೈವು.
"ಏನೈತ್ರಿ ಇದರಾಗ?"
"ಕಳವಿನ ಮಾಲು."
"ಹಂಗಾರ ಕಳಕೊಂಡಾಕಿ ಹತ್ರ ಈಗ ಇಲ್ಲ?"
"ಐತಿ. ಆಕಿ ಹತ್ರನೂ ಐತಿ."
ರಜಿಸ್ಟರು ತೆರೆದು ಕೂತೆ.
ಬಣ್ಣ: ಕಪ್ಪು. ತೂಕ: ತಕ್ಕಡಿ ಏಳಲಿಲ್ಲ.
ಬೆಲೆಯ ಮನೆ ಖಾಲಿ ಬಿಟ್ಟೆ.

ಗುಳೇದಗುಡ್ಡದ ದಾಕ್ಷಾಯಣಿ ಮದ್ದಾನಿ.
ಖಣದ ಆನಿಹೆಜ್ಜಿ, ತೊಟ್ಟಿಲ, ಬಿಲ್ವಪತ್ರಿಗಳನ್ನು
ಮಗ್ಗದ ರಟ್ಟಿನ ತೂತುಗಳಾಗಿ ಬಿಡಿಸುವ ಪ್ರೋಗ್ರಾಂ ಬರೆದಾಕೆ,
ಮೂರು ವರ್ಷ, ಓಣಿಯ ಸದ್ದು ನಿಂತ ಮೇಲಿನ ರಾತ್ರಿಗಳಲ್ಲಿ.
ರಿಪೇರಿಗೆ ಕೊಟ್ಟ ಲ್ಯಾಪ್‌ಟಾಪು ಚೆನ್ನಾಗಿಯೇ ಮರಳಿ ಬಂತು.
ಆರು ತಿಂಗಳಿಗೆ ಬೇರೆ ಹೆಸರಿಟ್ಟುಕೊಂಡು
ಅದೇ ಅಂಗಡಿಯಲ್ಲಿ ಮಾರಾಟಕ್ಕಿತ್ತು, ಪ್ರತಿಗೆ ಎರಡು ಸಾವಿರ.

ಆರೋಪಿಯ ವಕೀಲರು ಎದ್ದರು.
"ಆನಿಹೆಜ್ಜಿ ನೀವು ಕಂಡುಹಿಡಿದದ್ದೇನು?"
"ಅಲ್ರಿ. ನಮ್ಮಾಯಿ ನೇಯ್ತಿದ್ಲು. ಆಕಿ ಆಯಿನೂ."
"ಅವರನ್ನ ಕೇಳಿ ತಗೊಂಡ್ರೇನು?"
ಹಿಂದಿನ ಬೆಂಚಲ್ಲಿ ಯಾರೋ ನಕ್ಕರು.
"ಹೆಜ್ಜಿ ಎಲ್ಲಾರದು ಸರ್. ಎಣಿಸಿದ್ದು ನಾ."
ಸಾಹೇಬರು ಇದನ್ನು ಬರೆದುಕೊಂಡರೋ ಇಲ್ಲವೋ,
ನಾನು ನಿಂತ ಕಡೆಯಿಂದ ಕಾಣಲಿಲ್ಲ.

ಪುರಾವೆ ಸಿಕ್ಕಿದ್ದು ಬೇರೆ ಜಾಗದಲ್ಲಿ.
ಎರಡೂ ಪ್ರತಿ ಹಾಳೆಗಿಳಿಸಿ, ಪಕ್ಕಪಕ್ಕ ಹಾಸಿ,
ಪರಿಣತರು ಬೆರಳಿಟ್ಟರು ನಾನೂರಾ ಹನ್ನೆರಡನೇ ಸಾಲಿಗೆ.
ಯಂತ್ರ ಓದದೆ ದಾಟಿಹೋಗುವ ಸಾಲಂತೆ ಅದು,
ಬರೆಯುವವರು ತಮಗೆ ತಾವೇ ಬರೆದುಕೊಳ್ಳುವುದು:
ಅವ್ವನ ಗುಳಿಗಿ ಆರಕ್ಕ. ಮರೀಬ್ಯಾಡ.

ಅವನ ಪ್ರತಿಯಲ್ಲೂ ಅದೇ, ಅದೇ ನಾನೂರಾ ಹನ್ನೆರಡು.
ಹೆಸರು ಕಿತ್ತಿದ್ದ, ಇಸವಿ ತಿದ್ದಿದ್ದ,
ಅವ್ವನನ್ನು ಅಳಿಸಲು ಮರೆತಿದ್ದ.

"ತಾಯಿ ಇದ್ದಾರೇನಮ್ಮಾ?" ಸಾಹೇಬರು ಕೇಳಿದರು,
ಯಾವ ಕಲಮಿಗೂ ಬೇಡದ ಪ್ರಶ್ನೆ.
"ಹ್ವಾದ ಶೀಗಿ ಹುಣ್ಣಿವಿಗೆ ಹೋದ್ಲ್ರಿ."
ಟೈಪು ಮಾಡುತ್ತಿದ್ದ ಹುಡುಗ ಬೆರಳು ತಡೆದ. ಆಮೇಲೆ ಅದನ್ನೂ ಹೊಡೆದ.

ತೀರ್ಪು ಆಗಿಲ್ಲ. ಎರಡು ವಾಯಿದೆ,
ಒಮ್ಮೆ ವಕೀಲರ ಬಹಿಷ್ಕಾರ, ಒಮ್ಮೆ ಕರೆಂಟು.
ಅಷ್ಟರಲ್ಲಿ ಕೆರೂರಲ್ಲಿ, ಕಮತಗಿಯಲ್ಲಿ
ಎಷ್ಟು ಮನೆಗೆ ಹೋಯಿತೋ ಆ ಪ್ರತಿ.
ಹೋದಲ್ಲೆಲ್ಲ ಒಬ್ಬ ಮುದುಕಿ ಗೋಡೆಗೊರಗಿ,
ನೀರಿನ ತಂಬಿಗೆ ಹಿಡಿದು, ಆರು ಹೊಡೆಯುವುದನ್ನೇ ಕಾಯುತ್ತ.

ನಾನು ಬೀಗ ಹಾಕುವ ಹೊತ್ತೂ ಅದೇ.
ಅರಗು ಒಡೆದಿಲ್ಲ, ದಾರ ಬಿಚ್ಚಿಲ್ಲ, ನೋಡಿ ಸಹಿ ಹಾಕುತ್ತೇನೆ.
ಇವತ್ತು ಕೀಲಿ ತಿರುವಿದವನು ಅಲ್ಲೇ ನಿಂತು
ಮನೆಗೆ ಫೋನು ಹಚ್ಚಿದೆ.
"ಬಿಪಿ ಗುಳಿಗಿ ತಗೊಂಡೇನು?"
ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು,
"ಇದನ್ನ ಯಾರು ಹೇಳಿಕೊಟ್ಟರು?" ಅಂದಳು.