ಶಿವಡಿ ಕೋಟೆಯಲ್ಲಿ ನಾಲ್ಕು ಮೀಟರ್

ಯಾರೋ ಬಚ್ಚಿಟ್ಟದ್ದಕ್ಕೆ ನಾಲ್ಕು ಮೀಟರ್, ಎಂದಿತು ಫೋನು;
ಎರಡು ಹೆಜ್ಜೆ ಇಟ್ಟರೆ ಒಂಬತ್ತು.
"ಇದಕ್ಕೇನು ಜ್ವರವಾ?" ಎಂದು
ವಾರಿಜತ್ತೆ ಅದರ ಬೆನ್ನು ಮುಟ್ಟಿ ನೋಡಿದಳು.

ಕೆಳಗೆ ಕೆಸರು, ಆಚೆ ಎಣ್ಣೆಯ ಟ್ಯಾಂಕುಗಳು.
ಫ್ಲೆಮಿಂಗೊಗಳು ಹೋಗಿಯಾಗಿತ್ತು, ನಾವು ತಡ.
ಕಾವಲಿನವ ಬಂದ, ಏನು ಹುಡುಕುತ್ತೀರಿ ಅಂದ.
ಕಿವಿಯದು ಬಿತ್ತಪ್ಪ, ಎಂದಳು ಮರಾಠಿಯಲ್ಲಿ,
ಎರಡೂ ಬೆಂಡೋಲೆ ಬಿಸಿಲಿಗೆ ಹೊಳೆಯುತ್ತಿರುವಾಗಲೇ.
ಪಾಪ, ಅವನೂ ಬಗ್ಗಿ ಹುಡುಕಿದ.

ಕೊನೆಗೆ, ಹಾವಿಗೆ ಹೆದರಿ ನಾನು ಬಿಟ್ಟ ಬಿರುಕಿಗೆ
ಮೂವತ್ತೊಂದು ವರ್ಷ ನರ ಹುಡುಕಿದ ಬೆರಳು ಇಳಿಸಿ,
ಕಣ್ಣು ಮುಚ್ಚಿ, "ಸಿಕ್ಕಿತು" ಎಂದಳು.
ಹಳೇ ರೀಲಿನ ಡಬ್ಬಿ, ಒಳಗೆ ಸುರುಳಿ ಕಾಗದ,
ಯಾರ್ಯಾರದೋ ಅಡ್ಡಹೆಸರು, ತಾರೀಕು.
ಇವಳು ಮಾತ್ರ ಡ್ಯೂಟಿ ಒಪ್ಪಿಸುವಂತೆ ಬರೆದಳು:
"ಹನ್ನೊಂದು ನಲವತ್ತು. ತೇವ ಇಲ್ಲ. ಸ್ಥಿತಿ ಉತ್ತಮ.
ಸಿಸ್ಟರ್ ವಾರಿಜಾ ಕೋಟ್ಯಾನ್."

ಬಂದವರು ಏನಾದರೂ ಬಿಟ್ಟುಹೋಗಬೇಕಂತೆ, ಅಂದೆ.
ಹೆಗಲಿನ ಪಿನ್ನು ಬಿಚ್ಚಿ ಹಾಕಿದಳು.

ಹಾರ್ಬರ್ ಲೈನಿನ ಗಾಳಿಗೆ
ಕುರ್ಲಾವರೆಗೂ ಸೆರಗು ಮುಷ್ಟಿಯಲ್ಲಿ.
"ಬಳೆಯಲ್ಲಿ ಇನ್ನೊಂದು ಪಿನ್ನಿದೆಯಲ್ಲ ಅತ್ತೆ?"
"ಅದು ಮುಂದಿನ ಡಬ್ಬಿಗೆ."