ಬಿರಡೆ

ಬಂದ ಮೊದಲ ರಾತ್ರಿಯೇ ಹುಡುಗಿ
ಬಚ್ಚಲ ತೊಟ್ಟಿಯ ಬಿರಡೆ ಎಳೆದುಬಿಟ್ಟಳು.
ಗಳಗಳ ಸದ್ದಿಗೆ ನಾವು ಮೂವರೂ
ಊಟದ ಕಡ್ಡಿ ಎತ್ತಿದವರು ಎತ್ತಿದ ಹಾಗೇ ಕೂತೆವು.
ಮೈಯನ್ನು ಹೊರಗೇ ತೊಳೆದು, ತೊಟ್ಟಿಗೆ ಬರೀ ನೆನೆಯಲು ಇಳಿಯುವುದು;
ಮೊದಲ ನೀರು ಅತಿಥಿಗೆ,
ಅದೇ ನೀರಿಗೆ ಆಮೇಲೆ ನಾನು, ಮಗಳು, ಕೊನೆಗೆ ಫುಸಾಎ.
ಇದನ್ನು ಯಾರೂ ಅವಳಿಗೆ ಹೇಳಿರಲಿಲ್ಲ.
ಅವಳೋ, ಖಾಲಿ ತೊಟ್ಟಿಯನ್ನು ತಿಕ್ಕಿ ಒರೆಸಿ,
ಕೆಂಪು ಕೆನ್ನೆ ಹೊತ್ತು ಹೊರಬಂದು
ತಲೆಬಾಗಿ ಹೇಳಿದಳು: "ಶುಚಿ."

ಪರವಾಗಿಲ್ಲ ಅನ್ನುವುದನ್ನು ಫುಸಾಎ
ಒಂಬತ್ತು ಬಗೆಯಲ್ಲಿ ಹೇಳಿದಳು.
ಇಡೀ ದಿನ ಕತ್ತರಿಸಿದ ಊರಿನ ಕೂದಲು
ಕುತ್ತಿಗೆಯಲ್ಲಿ ಚುಚ್ಚುತ್ತಿರಲು ನಾನು ಹಾಗೇ ಮಲಗಿದೆ.

ಹೆಸರು ಸೋಲ್‌ವೇಗ್. ಊರು ಮಿನೆಸೋಟ.
ಅಲ್ಲಿ ಚಳಿಗಾಲಕ್ಕೆ ಕೆರೆ ಗಟ್ಟಿಯಾಗಿ ಮೇಲೆ ಕಾರು ಓಡುತ್ತವಂತೆ.
ನಮ್ಮ ನಾಲಿಗೆಗೆ ಅದು ಸೊರುಬೇಗು.
ಒಂದೊಂದು ಅಕ್ಷರಕ್ಕೂ ಸ್ವರದ ಚಪ್ಪಲಿ ತೊಡಿಸಿ
ಒಳಗೆ ಕರೆದುಕೊಂಡೆವು.
ನನ್ನನ್ನು ಅಪ್ಪ ಎಂದಳು. ಕೊಟ್ಟ ಹಾಳೆಯಲ್ಲಿ ಹಾಗೆ ಬರೆದಿತ್ತು.
ಚಿಹಾರು ಆ ಮಾತು ಬಿಟ್ಟು ಎರಡು ವರ್ಷ,
ಕರೆದರೆ ಅವಳ ಕೋಣೆಯ ಬಾಗಿಲು ಉತ್ತರಿಸುತ್ತದೆ.

ಬೆಳಿಗ್ಗೆ ಪಾಠ, ಬಂದರಿನ ಮೇಲಿನ ಹಳೇ ಶಾಲೆಯಲ್ಲಿ.
ಮಧ್ಯಾಹ್ನ ಬಾರ್ಲಿ ನೀರು, ನೆತ್ತಿ ಕೊರೆಯುವ ಜೀರುಂಡೆ,
ವಿಭಕ್ತಿಗಳನ್ನೆಲ್ಲ ದಾರಿಯಲ್ಲಿ ಉದುರಿಸಿಕೊಂಡು ಬರುವ ಹುಡುಗಿ.
ಒಂದು ದಿನ ಅಂಗಡಿಯ ಬೆಂಚಿನ ಮೇಲೆ ಮರೆತ ಪುಸ್ತಕ.
ನನ್ನ ಮನೆಯವರು, ಎಂದು ಶೀರ್ಷಿಕೆ.

ಅಪ್ಪ ಕತ್ತರಿ.
ಅಮ್ಮ ಮೀನು.
ಚಿಹಾರು ಬಾಗಿಲು.

ಕೆಳಗೆ ಟೀಚರ ಕೆಂಪು ಶಾಯಿ:
ಅಪ್ಪನ ಹತ್ತಿರ ಕತ್ತರಿ ಇದೆ.
ಅಮ್ಮ ಮೀನಿನ ಕಾರ್ಖಾನೆಯಲ್ಲಿ ದುಡಿಯುತ್ತಾರೆ.
ಚಿಹಾರುವಿನ ಕೋಣೆಗೆ ಬಾಗಿಲು ಇದೆ.
ತಿದ್ದಿದ್ದು ಸರಿ. ಆದರೂ ಆವತ್ತು ಬಂದ ಗಿರಾಕಿಗಳಿಗೆಲ್ಲ
ನಾನು ಕತ್ತರಿಯಾಗಿಯೇ ಇದ್ದೆ.

ಮೂರನೇ ವಾರ ಕುರ್ಚಿ ಏರಿ ಕೂತಳು.
ಎಷ್ಟು? ಕನ್ನಡಿಯಲ್ಲಿ ಕೇಳಿದೆ.
ಎರಡು ಬೆರಳ ನಡುವೆ ಅಳತೆ ಹಿಡಿದು ತೋರಿಸಿದಳು.
ಬಾಗಿಲಿಗೆ ಒರಗಿದ್ದ ಚಿಹಾರು,
ಅಂಗಡಿಗೆ ಅವಳು ಯಾವಾಗ ಇಳಿದು ಬಂದಳೋ,
"ಇನ್ನೂ ಸ್ವಲ್ಪ," ಎಂದಳು.
ಕತ್ತರಿಸಬೇಕಾದ್ದೋ ಉಳಿಸಬೇಕಾದ್ದೋ ನಾನು ಕೇಳಲಿಲ್ಲ.
ಆ ಬಣ್ಣದ ಕೂದಲು ನಾನು ಗುಡಿಸಿದ್ದಿಲ್ಲ;
ಜೋಳದ ತೆನೆಯ ನೂಲಿನ ಹಾಗೆ
ಹಿಡಿಸೂಡಿಗೆ ಸಿಕ್ಕಿಕೊಂಡು ಬಹಳ ದಿನ ಇತ್ತು.

ರಾತ್ರಿ ಮೇಲಿನ ಕೋಣೆಯಿಂದ ನಗು.
ಅದು ನಮ್ಮ ಭಾಷೆಯೂ ಅಲ್ಲ, ಅವಳದೂ ಅಲ್ಲ.
ಫುಸಾಎ ಗೋಡೆಗೆ ಕಿವಿಯಿಟ್ಟಳು,
ಏನೂ ತಿಳಿಯದೆ ಬಂದು ಮಲಗಿದಳು, ಖುಷಿಯಾಗಿ.

ಹೊರಡುವ ದಿನ ಬಸ್ಸಿನ ಮೆಟ್ಟಿಲ ಮೇಲೆ ತಿರುಗಿ
ದಿನಾ ಬೆಳಿಗ್ಗೆ ಶಾಲೆಗೆ ಹೊರಟಾಗ ಹೇಳುವುದನ್ನೇ ಹೇಳಿದಳು:
"ಹೋಗಿ ಬರ್ತೀನಿ."
ವಿದಾಯದ ಪದ ಬೇರೆ ಇದೆ,
ಪಾಠ ಅಲ್ಲಿಯವರೆಗೆ ಬಂದಿರಲಿಲ್ಲವೋ
ಬಂದರೂ ಅವಳು ದಾಟಿಸಿಬಿಟ್ಟಳೋ.
ಕೆಂಪು ಶಾಯಿಯವರು ಯಾರೂ ಹತ್ತಿರ ಇರಲಿಲ್ಲ.
ಆ ಮಾತಿಗೆ ಉತ್ತರ ಒಂದೇ,
ಕೈ ಬೀಸುತ್ತ ಮೂವರೂ ಅದನ್ನೇ ಅಂದೆವು: ಹೋಗಿ ಬಾ.
ಸಂಜೆಗೆ ಬರುವವಳಿಗೆ ಅಂದ ಹಾಗೆ.

ಆ ರಾತ್ರಿ ತೊಟ್ಟಿಯಲ್ಲಿ ಬಹಳ ಹೊತ್ತು ಕೂತೆ.
ಏಳುವಾಗ ಯಾವ ಯೋಚನೆಯಲ್ಲೋ ಕೈ ಕೆಳಗೆ ಹೋಯಿತು.
ಗಳಗಳ.
ಹೊರಗಿಂದ ಚಿಹಾರು ಬಾಗಿಲು ಬಡಿದು ಕೂಗಿದಳು:
"ಅಪ್ಪ ಬಿರಡೆ!"
ಫುಸಾಎ ಇನ್ನೂ ಮೀಯಬೇಕಿತ್ತು.